ಹತ್ತೂ ಇಪ್ಪತ್ತರ ಸಾಲು

ಅವರ ಕೆನ್ನೆಗೆ ಮೊದಲು ಹೊಡೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಅಷ್ಟರಲ್ಲಿ ಓದುವವರಿಗೆ ನನ್ನ ಮೇಲೆ ಕನಿಕರ ಹುಟ್ಟಿರುತ್ತದೆ. ಅದು ನನಗೆ ಬೇಡ.

ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ರಸ್ತೆಯಲ್ಲಿ ಆಗ ಒಂದು ಖಾಸಗಿ ಡೈರಿ ಇತ್ತು. ಸುತ್ತಲಿನ ಹಳ್ಳಿಗಳ ಹಾಲು ಎರಡು ಹೊತ್ತೂ ಬಂದು ಒಂದು ದೊಡ್ಡ ಸ್ಟೀಲ್ ಟ್ಯಾಂಕಿಗೆ ಬೀಳುತ್ತಿತ್ತು. ಕಂಪ್ರೆಸರ್ ಅದನ್ನು ತಣ್ಣಗಿಡುತ್ತಿತ್ತು, ಮರುದಿನ ಬೆಳಿಗ್ಗೆ ಟ್ಯಾಂಕರ್ ಬಂದು ಒಯ್ಯುತ್ತಿತ್ತು. ನಾನು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಕೆಜಿಎಫ್‌ನ ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿದವಳಾದ್ದರಿಂದ ಬೈಯುವುದಕ್ಕೆ ತಮಿಳು, ಚೌಕಾಸಿಗೆ ತೆಲುಗು, ಬರೆಯುವುದಕ್ಕೆ ಕನ್ನಡ. ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುತ್ತಿದ್ದಳು. ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ನನ್ನ ಮುಖ್ಯ ಕೆಲಸ ಲಾಗ್ ಸರ್ವೀಸ್ ನಿಲ್ಲದಂತೆ ನೋಡಿಕೊಳ್ಳುವುದು. ಲಾಗ್ ಎಂದರೆ ಯಂತ್ರದ ದಿನಚರಿ, ಅಷ್ಟೇ. ಕಂಪ್ರೆಸರ್ ಆನ್ ಆದರೆ ಒಂದು ಸಾಲು, ಆಫ್ ಆದರೆ ಒಂದು ಸಾಲು, ಪಕ್ಕದಲ್ಲಿ ಸಮಯ. ಮೌಸ್ ಇಲ್ಲ, ಚಿತ್ರವಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಸ್ಟಾಪ್ ಎಂದು ಟೈಪ್ ಮಾಡಿದರೆ ಬರೆಯುವುದು ನಿಲ್ಲುತ್ತದೆ, ಸ್ಟಾರ್ಟ್ ಎಂದರೆ ಶುರುವಾಗುತ್ತದೆ, ಸ್ಟೇಟಸ್ ಎಂದರೆ ತಾನು ಯಾವಾಗಿನಿಂದ ಓಡುತ್ತಿದ್ದೇನೆಂದು ಹೇಳುತ್ತದೆ. ಮನುಷ್ಯರ ಮಾತಿಗಿಂತ ಆ ಸಾಲುಗಳನ್ನು ನಾನು ಹೆಚ್ಚು ನಂಬುತ್ತಿದ್ದೆ. ಅದರ ಬಗ್ಗೆ ಜಂಬವೂ ಇತ್ತು.

ಬೆಳಗಿನ ಪಾಳಿಯ ಟ್ಯಾಂಕ್ ಆಪರೇಟರಿಗೆ ಐವತ್ತರ ಹತ್ತಿರ ವಯಸ್ಸು, ಬೂದಿಕೋಟೆ ಕಡೆಯ ಹಳ್ಳಿಯವರು. ಅವರು ಪರದೆ ನೋಡುತ್ತಲೇ ಇರಲಿಲ್ಲ. ಟ್ಯಾಂಕಿನ ಪಕ್ಕೆಗೆ ಅಂಗೈ ಒತ್ತಿ, "ಆಲು ತಣ್ಣಗೈತೆ" ಎನ್ನುತ್ತಿದ್ದರು. "ಅಣ್ಣ, ಎಷ್ಟು ಡಿಗ್ರಿ ಅಂತ ನಿಮ್ಮ ಕೈ ಹೇಳುತ್ತಾ?" ಎಂದು ನಾನು ರೇಗಿಸುತ್ತಿದ್ದೆ. "ಡಿಗ್ರಿ ಕುಡಿಯಾಕಾಯ್ತದೇನಮ್ಮ?" ಎಂದು ಅವರು ನಗುತ್ತಿದ್ದರು. ಅವರು ಕೆಟ್ಟವರಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ ಫೋನ್ ಬಂತು. ಟ್ಯಾಂಕರಿನವನು ಹಾಲು ಕಾಯಿಸಿ ನೋಡಿ, ಒಡೆದಿದೆ ಎಂದು ಖಾಲಿ ಗಾಡಿ ತಿರುಗಿಸಿದ್ದ. ಗಂಡನ ಬೈಕಿನಲ್ಲಿ ನಾನು ತಲುಪುವ ಹೊತ್ತಿಗೆ ಯಾರೋ ಟ್ಯಾಂಕಿನ ನಲ್ಲಿ ತೆಗೆದಿದ್ದರು. ಅಂಗಳದ ತುಂಬ ಹುಳಿ ಹಾಲು, ಅದರ ಮೇಲೆ ನೊಣ. ಹಾಲು ಹಾಕುವವರೆಲ್ಲ ಬಂದಿದ್ದರು. ತಪ್ಪು ನಿಮ್ಮ ಹಾಲಿನದೇ ಎಂದು ಮಾಲೀಕರು ಫೋನಿನಲ್ಲಿ ಅಂದಿದ್ದರಂತೆ. ಜನ ಆಫೀಸಿನ ಗಾಜು ಒಡೆದಾಗಿತ್ತು. ಒಬ್ಬ ಮುದುಕಿ ನನ್ನ ತೋಳು ಹಿಡಿದು ಜಗ್ಗಿದಳು.

"ನಮ್ ಆಲಾಗೆ ಏನೈತೆ ತೋರ್ಸು! ನಾವೇನ್ ಇಸ ಆಕಿದ್ವಾ?"

ನಾನು ಒಳಗೆ ಹೋಗಿ, ಕಂಪ್ರೆಸರ್ ಎಂಬ ಪದವಿರುವ ಸಾಲುಗಳನ್ನು ಮಾತ್ರ ತೋರಿಸು ಎಂದು ಟೈಪ್ ಮಾಡಿದೆ. ಹಿಂದಿನ ದಿನದ ಕೊನೆಯ ಸಾಲು ಹತ್ತೂ ಇಪ್ಪತ್ತರದು: ಆಫ್. ಆಮೇಲೆ ಆನ್ ಇಲ್ಲವೇ ಇಲ್ಲ. ನನಗೆ ಆದ ಸಂತೋಷವನ್ನು ಈಗ ನೆನೆದರೆ ಹೇಸಿಗೆಯಾಗುತ್ತದೆ. ಬಾಗಿಲಿಗೆ ಬಂದು ಕೂಗಿ ಹೇಳಿದೆ, "ನಿಮ್ಮ ಹಾಲಿನ ತಪ್ಪಲ್ಲ. ನಿನ್ನೆ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಯಾರೋ ಕಂಪ್ರೆಸರ್ ಆಫ್ ಮಾಡಿದ್ದಾರೆ."

ಆ ಹೊತ್ತಿನಲ್ಲಿ ಯಾರ ಪಾಳಿ ಎಂದು ಎಲ್ಲರಿಗೂ ಗೊತ್ತಿತ್ತು. ತಲೆಗಳು ಒಟ್ಟಿಗೆ ಅವರ ಕಡೆ ತಿರುಗಿದವು. ಅವರು ಕೈಯಲ್ಲಿದ್ದ ಪೊರಕೆ ಕೆಳಗಿಟ್ಟು ಮುಂದೆ ಬಂದರು.

"ನಾ ಆಫ್ ಮಾಡಿಲ್ಲ. ಮದ್ಯಾನ ಮನೆಗ್ ಓಗೋವಾಗ್ಲೂ ಕೈ ಇಟ್ ನೋಡಿವ್ನಿ, ತಣ್ಣಗಿತ್ತು. ನಿನ್ ಪೆಟ್ಟಿಗೆ ಸುಳ್ಳೇಳ್ತೈತೆ ಕಣಮ್ಮ."

ಅಣ್ಣ ಎನ್ನುತ್ತಿದ್ದವಳು "ಲೋ" ಅಂದೆ. "ಲೋ, ನನ್ನ ಪೆಟ್ಟಿಗೆಗೆ ಸುಳ್ಳು ಹೇಳೋಕೆ ಬರಲ್ಲ, ನಿನಗೆ ಬರುತ್ತೆ!" ಎಂದು ಕೈ ಬೀಸಿದೆ. ಏಟು ಕೆನ್ನೆಗೂ ಕಿವಿಗೂ ಸೇರಿ ಬಿತ್ತು. ಅಂಗೈ ಉರಿಯಿತು.

ಒಣ ಬೇಲಿಗೆ ಕಿಡಿ ಬಿದ್ದ ಹಾಗೆ, ಜನಕ್ಕೆ ಅಷ್ಟು ಸಾಕಾಯಿತು. ಯಾರೋ ಹಿಂದಿನಿಂದ ಒದ್ದರು, ಅವರು ಹಾಲಿನಲ್ಲಿ ಜಾರಿ ಮಂಡಿಯೂರಿ ಬಿದ್ದರು. ಒಬ್ಬ ಕ್ಯಾನಿನ ಮುಚ್ಚಳದಿಂದ ಹಣೆಗೆ ಬಾರಿಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಟ್ಯಾಂಕ್ ತೊಳೆಯುವ ಪೈಪನ್ನು ಮಡಚಿಕೊಂಡು ಇಬ್ಬರು ಬೆನ್ನಿಗೆ ಬಾರಿಸತೊಡಗಿದರು. ನನ್ನ ತೋಳು ಜಗ್ಗಿದ ಮುದುಕಿ ಚಪ್ಪಲಿ ಬಿಚ್ಚಿ, ಏಟಿಗೊಂದು ಮಾತು ಸೇರಿಸಿ ಹೊಡೆದಳು. ಅವರು ಹಾಲಿನಲ್ಲಿ ಮುದುಡಿ ಮಲಗಿ "ಅಮ್ಮಾ, ಅಮ್ಮಾ" ಎನ್ನುತ್ತಿದ್ದರು. ತಾಯಿಯನ್ನು ಕರೆದರೋ, ನನ್ನನ್ನು ಕರೆದರೋ. ಹಾಲು ಕೆಂಪಗಾಗುತ್ತಿದ್ದುದನ್ನು ನಾನು ನೋಡುತ್ತ ನಿಂತಿದ್ದೆ. ಅನುಭವಿಸಲಿ ಎನ್ನುವುದೇ ನನ್ನ ಮನಸ್ಸಿನಲ್ಲಿದ್ದದ್ದು.

ತಲೆಗೆ ಅಡ್ಡ ಹಿಡಿದ ಅವರ ಕೈಯ ಮೇಲೆ ಯಾರೋ ಬೂಟುಗಾಲಿನಲ್ಲಿ ಹತ್ತಿದಾಗ ಮೂಳೆ ಮುರಿದ ಸದ್ದು ಕೇಳಿತು. ಆಗ ಮಾತ್ರ ಸಾಕು, ಬಿಡಿ ಎಂದು ಕಿರುಚಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ನನ್ನ ಗಂಡನೂ ಒಬ್ಬ ಆಟೋದವನೂ ಸೇರಿ ಅವರನ್ನು ಎಳೆದು ಆಟೋದಲ್ಲಿ ಹಾಕಿಕೊಂಡು ಬಂಗಾರಪೇಟೆ ಆಸ್ಪತ್ರೆಗೆ ಹೋದರು.

ನಾನು ಒಳಗೆ ಬಂದು ಕೂತೆ. ಮಾಲೀಕರಿಗೆ ಕಳಿಸಲು ಪೂರ್ತಿ ವಿವರ ಬೇಕಿತ್ತು. ಲಾಗ್ ಸರ್ವೀಸ್ ಸರಿಯಾಗಿಯೇ ಓಡುತ್ತಿದೆ ಎಂದು ತೋರಿಸಲು ಸ್ಟೇಟಸ್ ಎಂದು ಟೈಪ್ ಮಾಡಿದೆ. ನಿನ್ನೆ ಹತ್ತೂ ಹದಿನಾರರಿಂದ ಓಡುತ್ತಿದೆ ಎಂದು ಬಂತು.

ಅದನ್ನು ಶುರು ಮಾಡಿದವಳು ನಾನೇ. ಆದರೆ ಹಿಂದಿನ ದಿನ ಹತ್ತು ಗಂಟೆಗೆ ನಾನು ಕೆಜಿಎಫ್‌ನಲ್ಲಿ ಮಗಳ ಶಾಲೆಯ ಮೀಟಿಂಗಿನಲ್ಲಿದ್ದೆ. ಡೈರಿಗೆ ಬಂದದ್ದೇ ಮಧ್ಯಾಹ್ನ. ಸರ್ವೀಸ್ ಸ್ಟಾರ್ಟ್ ಮಾಡಿದ್ದು ನಾಲ್ಕಕ್ಕೆ ಸ್ವಲ್ಪ ಮುಂಚೆ. ಫೋನ್ ನೋಡಿದೆ, ಎಂಟೂ ಐವತ್ತು. ಕಂಪ್ಯೂಟರನ್ನು ಸಮಯ ಕೇಳಿದೆ, ಮೂರೂ ಇಪ್ಪತ್ತು ಎಂದಿತು. ಆ ವಾರವಷ್ಟೇ ಹೊಸ ಕಂಪ್ಯೂಟರ್ ಜೋಡಿಸಿದ್ದೆ. ಅದಕ್ಕೆ ನಮ್ಮ ದೇಶದ ಸಮಯ ಹೇಳಿಕೊಡುವುದನ್ನು ಮರೆತಿದ್ದೆ. ಅದು ಐದೂವರೆ ಗಂಟೆ ಹಿಂದೆ ಬದುಕುತ್ತಿತ್ತು.

ಹಾಗಾದರೆ ಹತ್ತೂ ಇಪ್ಪತ್ತು ಎಂದರೆ ನಿಜದಲ್ಲಿ ಮೂರೂ ಐವತ್ತು. ಆ ಹೊತ್ತಿಗೆ ಅವರು ಮನೆಗೆ ಹೋಗಿದ್ದರು. ಡೈರಿಯಲ್ಲಿದ್ದವಳು ನಾನೊಬ್ಬಳೇ. ಸರ್ವೀಸ್ ಶುರುವಾದರೂ ಸಾಲುಗಳು ಬರುತ್ತಿಲ್ಲವೆಂದು ನಾನೇ ಕಂಪ್ರೆಸರಿಗೆ ಕರೆಂಟ್ ಕೊಡುವ ಪ್ಯಾನಲ್ಲಿನ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಿದ್ದೆ. ಸಾಲುಗಳು ಬಂದವು, ಏನು ಬಂತೆಂದು ಓದದೆ ಖುಷಿಯಾಗಿ ಚಹಾ ಕುಡಿಯಲು ಹೋದೆ. ಸ್ವಿಚ್ ಆರಿಸಿದರೆ ಕಂಪ್ರೆಸರಿನ ಬಟನ್ ಮತ್ತೆ ಒತ್ತಬೇಕು, ತಾನಾಗಿ ಹೊರಡುವುದಿಲ್ಲ ಎಂದು ಅದೇ ಆಪರೇಟರ್ ನನಗೆ ಹೇಳಿದ್ದರು. ನಾನು ತಲೆಯಾಡಿಸಿದ್ದೆ, ಕೇಳಿಸಿಕೊಂಡಿರಲಿಲ್ಲ. ಕರೆಂಟ್ ಹೋಗಿ ಬಂದಾಗಲಷ್ಟೇ ಬಟನ್ ಒತ್ತುವ ರೂಢಿ. ಆ ಸಂಜೆ ಕರೆಂಟ್ ಹೋಗದ ಕಾರಣ ಸಂಜೆ ಪಾಳಿಯವರೂ ಅದರ ಕಡೆ ನೋಡಿರಲಿಲ್ಲ. ಆಗಷ್ಟೇ ಕರೆದ ಬೆಚ್ಚಗಿನ ಹಾಲನ್ನು ಬೆಳಗಿನ ಹಾಲಿನ ಮೇಲೆ ಸುರಿದು ಬೀಗ ಹಾಕಿಕೊಂಡು ಹೋಗಿದ್ದರು.

ಲಾಗ್ ಸುಳ್ಳು ಹೇಳಿರಲಿಲ್ಲ. ಅದು ಬರೆದಿಟ್ಟದ್ದು ನನ್ನ ಕೈಯ ಕೆಲಸವನ್ನೇ.

ಅಳಿಸಲು ಒಂದೇ ಆಜ್ಞೆ ಸಾಕಿತ್ತು. ಟೈಪ್ ಮಾಡಿಯೂ ಬಿಟ್ಟೆ. ಎಂಟರ್ ಒತ್ತುವುದೊಂದೇ ಬಾಕಿ. ಹೊರಗೆ ಯಾರೋ ಕಲ್ಲೆತ್ತಿ ಅವರ ಸೈಕಲ್ ಜಜ್ಜುತ್ತಿದ್ದರು. ಒಂದೊಂದು ಏಟಿಗೂ ಬೆಲ್ ತಾನಾಗಿ ಕಿಣಿಗುಟ್ಟುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಹೊರಗೆ ಓಡಿದೆ.

"ನಾನು ಆಫ್ ಮಾಡಿದ್ದು! ಗಡಿಯಾರ ತಪ್ಪಾಗಿತ್ತು. ಅವರಲ್ಲ, ನಾನು!"

ಎರಡು ಸಲ ಹೇಳಬೇಕಾಯಿತು. ಕಲ್ಲು ಎತ್ತಿದ್ದವನು ಅದನ್ನು ಮೆಲ್ಲಗೆ ನೆಲಕ್ಕಿಟ್ಟ. ಕ್ಯಾನಿನ ಮುಚ್ಚಳದವನು ಅದಕ್ಕೆ ಅಂಟಿದ್ದ ರಕ್ತವನ್ನು ಪಂಚೆಗೆ ಒರೆಸಿಕೊಂಡ. ನಾನು ಮುಖ ಗಟ್ಟಿ ಮಾಡಿಕೊಂಡು ಏಟಿಗೆ ಕಾದೆ. ಆ ಮುದುಕಿ ಹತ್ತಿರ ಬಂದಳು, ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು.

"ಓಗ್ಲಿ ಬಿಡಮ್ಮ. ನೀನೇನ್ ಬೇಕೂಂತ ಮಾಡಿದ್ಯಾ? ಕಂಪೂಟ್ರು ಅಂದ್ಮೇಲೆ ಇಂಗೆಲ್ಲಾ ಆಯ್ತದೆ."

ಅಂದು ಚಪ್ಪಲಿ ಕೆಳಗೆ ಹಾಕಿ, ಕಾಲಿಗೆ ಮೆಟ್ಟಿಕೊಂಡಳು. ಯಾರೋ ನನಗೆ ಕುರ್ಚಿ ತಂದರು. ಆ ಕುರ್ಚಿಯನ್ನು ಎತ್ತಿ ಆ ಜನರ ಮೇಲೇ ಎಸೆಯಬೇಕೆನ್ನಿಸಿತು. ಏಟು ತಿಂದವರು ಬೇಕೂಂತ ಮಾಡುವುದಿರಲಿ, ಮಾಡಿಯೇ ಇರಲಿಲ್ಲವಲ್ಲ ಎಂದು ಕೂಗಿದೆ. ಜನ ಒಬ್ಬೊಬ್ಬರಾಗಿ ತಮ್ಮ ಕ್ಯಾನು ಹುಡುಕಿಕೊಂಡು ಹೊರಟರು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಹುಬ್ಬಿಗೆ ಹೊಲಿಗೆ ಹಾಕಿದ್ದರು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಬಲಗೈಗೆ ಪಟ್ಟಿ ಕಟ್ಟಿದ್ದರು. ಅವರ ಹೆಂಡತಿ ತಲೆಯ ಬಳಿ ಕೂತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಗಡಿಯಾರ, ಸ್ವಿಚ್ಚು, ಬಟನ್ನು. ಅಳು ಬಂತು, ಅತ್ತೆ. ಅವರು ಕೊನೆಯವರೆಗೂ ಕೇಳಿದರು.

"ಎಲ್ಲಾರ್ಗೂ ಯೋಳ್ದ್ಯಾ?"

"ಹೇಳಿದೆ ಅಣ್ಣ. ಅಂಗಳದಲ್ಲೇ, ಎಲ್ಲರ ಮುಂದೆ."

"ನಿನ್ನ ಯಾರಾನಾ ಒಡೆದ್ರಾ?"

ಏಟು ತಿಂದೆ ಎಂದು ಹೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

"ಇಲ್ಲ" ಎಂದೆ.

ಅವರು ಗೋಡೆಯ ಕಡೆ ಹೊರಳಲು ನೋಡಿದರು. ಮುರಿದ ಕೈ ಆ ಕಡೆಗೇ ಇದ್ದುದರಿಂದ ಆಗಲಿಲ್ಲ. ನನ್ನ ಮುಖ ಕಾಣದಿರಲೆಂದು ತೆರೆದಿದ್ದ ಇನ್ನೊಂದು ಕಣ್ಣನ್ನೂ ಮುಚ್ಚಿಕೊಂಡರು.