ಕೊನೆಯ ಸಾಲಿನ ಅಡುಗೆಯವಳು

ಕೆಲವು ವಿವರಗಳು ತಪ್ಪಿರಬಹುದು. ಅಂದು ಮಾವನವರು ನಿಜವಾಗಿ ಶಾಲು ಹೊದ್ದಿದ್ದರೋ, ನೈರೋಬಿಯ ಜುಲೈ ಚಳಿಗೆ ನಾನೇ ಈಗ ಹೊದಿಸುತ್ತಿದ್ದೇನೋ ತಿಳಿಯದು. ಮಾತುಗಳು ಮಾತ್ರ ನೆನಪಿವೆ. ತಿರಸ್ಕಾರಕ್ಕೆ ಜ್ಞಾಪಕಶಕ್ತಿ ಹೆಚ್ಚು.

ಮಗಳ ಶಾಲೆಯದು ಅಮೆರಿಕನ್ ಪಠ್ಯ. ಮಕ್ಕಳು ಒಬ್ಬೊಬ್ಬ ಹಳೆಯ ಗಣ್ಯನ ವೇಷ ಹಾಕಿ ಅವನ ಬದುಕನ್ನು ಅವನದೇ ಬಾಯಲ್ಲೆಂಬಂತೆ ಹೇಳಬೇಕು. ನಮ್ಮವಳ ಪಾಲಿಗೆ ಬಂದವನು ಅಮೆರಿಕ ಹುಟ್ಟಿದ ಹೊಸತರ ಒಬ್ಬ ವಕೀಲ. ಕೋರ್ಟಿನಲ್ಲಿ ಸ್ವಾತಂತ್ರ್ಯಕ್ಕಾಗಿ ಗಂಟಲು ಹರಿದುಕೊಂಡ, ಶಾಸಕನಾಗಿ ಅದಕ್ಕೆ ಕಾನೂನು ಬರೆದ, ನ್ಯಾಯಾಧೀಶನಾಗಿ ಆ ಕಾನೂನನ್ನು ವ್ಯಾಖ್ಯಾನಿಸಿದ. ಅವನ ಅಡುಗೆಯವಳು ಮಾತ್ರ ಗುಲಾಮಳು. ಅವಳು ಬಿಡುಗಡೆ ಕೇಳಿದಾಗ ಕಾಲ ಪಕ್ವವಾಗಿಲ್ಲ ಎಂದನಂತೆ. ಅವನು ಸತ್ತ ಮೇಲೂ ಪಕ್ವವಾಗಲಿಲ್ಲ. ಮಗಳು ತನ್ನ ಭಾಷಣವನ್ನು ಆ ಅಡುಗೆಯವಳ ಕುರಿತ ಸಾಲಿನಿಂದಲೇ ಮುಗಿಸಿದ್ದಳು.

ಮೈಸೂರಿನಿಂದ ಬಂದು ಸೌತ್ ಸಿ ಬಡಾವಣೆಯ ನಮ್ಮ ಮನೆಯಲ್ಲಿದ್ದ ಮಾವನವರು ನಿವೃತ್ತ ನ್ಯಾಯಾಧೀಶರು. ತಾಲೀಮು ತಾವೇ ವಹಿಸಿಕೊಂಡರು.

"ಈ ಲಾಸ್ಟ್ ಲೈನ್ ತೆಗಿ, ಪುಟ್ಟಿ. ಅಷ್ಟು ದೊಡ್ಡ ಮನುಷ್ಯ, ಕೊನೇಲಿ ಅಡುಗೆಯವಳ ವಿಷ್ಯ ಯಾಕೆ?"

"ಬಟ್ ಇಟ್ಸ್ ಟ್ರೂ, ತಾತ."

"ಟ್ರೂ ಇರೋದೆಲ್ಲ ರೆಲೆವೆಂಟ್ ಅಲ್ಲಮ್ಮ. ಇಡೀ ಸರ್ವೀಸು ಬೆಂಚಲ್ಲಿ ಕೂತೋನು ಹೇಳ್ತಿದೀನಿ."

"ದೆನ್ ವಾಟ್ ಈಸ್ ರೆಲೆವೆಂಟ್?"

"ಅವನ ಜಡ್ಜ್‌ಮೆಂಟ್ಸು!"

ಆ ಹೊತ್ತಿಗೆ ನಮ್ಮ ಕೆಲಸದಾಕೆ ತೊಳೆದ ಪಾತ್ರೆಗಳನ್ನು ತಂದಿಟ್ಟಳು. ಮಾವನವರು ಪ್ರತಿ ಸಲವೂ ಅವಳಿಗೆ ಸ್ವಾಹಿಲಿಯಲ್ಲಿ "ಅಸಾಂಟೆ" ಎಂದು ಧಾರಾಳವಾಗಿ ಕೃತಜ್ಞತೆ ಹೇಳುತ್ತಿದ್ದರು. ಅವಳು ಬೆನ್ನು ತಿರುಗಿಸಿದೊಡನೆ ಆ ಪಾತ್ರೆಗಳಿಗೆ ನೀರು ಚಿಮುಕಿಸಿ ಶುದ್ಧ ಮಾಡಿಕೊಂಡೇ ಒಳಗಿಡುತ್ತಿದ್ದರು. ನಲ್ಲಿಯಲ್ಲಿ ನೀರಿಲ್ಲದ ದಿನಗಳಲ್ಲಿ, ಕೊಂಡು ತಂದ ಕ್ಯಾನಿನ ನೀರಿನಿಂದ. ಧರ್ಮಕ್ಕೆ ಫಿಲ್ಟರ್ ನೀರೇ ಆಗಬೇಕು.

ಮಗಳು ಅದನ್ನು ನೋಡುತ್ತಿದ್ದಳು. ಸಾಲು ತೆಗೆಯುವುದಿಲ್ಲವೆಂದು ನನಗೆ ಗುಟ್ಟಾಗಿ ಹೇಳಿದಳು.

ಶಾಲೆಯಲ್ಲಿ ಹತ್ತಿಯ ವಿಗ್ ಹಾಕಿಕೊಂಡು ಚೆನ್ನಾಗಿಯೇ ಮಾತಾಡಿದಳು. ಕೊನೆಯ ಸಾಲಿಗೆ ಬಂದು, ಮುಂದಿನ ಕುರ್ಚಿಯಲ್ಲಿದ್ದ ತಾತನತ್ತ ನೋಡಿ ನಿಂತಳು. ನಿಜವಾಗಿ ನೋಡಿದಳೇ, ಅಥವಾ ನನ್ನ ಸಿಟ್ಟು ಆ ನೋಟವನ್ನು ಆಮೇಲೆ ಸೇರಿಸಿತೇ? ಸಾಲು ಮಾತ್ರ ಬರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಮಾವನವರೇ.

ಹಿಂತಿರುಗುವಾಗ ಮೊಂಬಾಸಾ ರೋಡಿನ ಟ್ರಾಫಿಕ್ಕಿನಲ್ಲಿ ಮಗಳು ವಿಗ್ ಹಿಡಿದು ಅಳುತ್ತಿದ್ದಳು.

"ಸ್ಟೇಜ್ ಫಿಯರ್, ಬಿಡು," ಎಂದರು ಮಾವ.

ಆಗ ನಾನು ಕೇಳಿದೆ. ಅವರು ಕಿಟಕಿಯಾಚೆಯ ಮಟಾಟು ವ್ಯಾನುಗಳನ್ನು ನೋಡಿದರು. ಈಗ ಮೈಸೂರಿನಿಂದ ವಿಡಿಯೊ ಕಾಲ್ ಮಾಡಿದಾಗಲೆಲ್ಲ ಇಲ್ಲಿಯ ಹವೆ ವಿಚಾರಿಸುತ್ತಾರೆ. ಅಂದು ಕಾರಿನಲ್ಲಿ ನಾನು ಕೇಳಿದ್ದು ಇಷ್ಟೇ:

"ಮಾವ, ಆ ಅಡುಗೆಯವಳು ನಿಮ್ಮ ಕೋರ್ಟಿಗೇ ಬಂದು ನಿಂತಿದ್ರೆ ಬಿಡುಗಡೆ ಕೊಡ್ತಿದ್ರಾ, ಇಲ್ಲಾ ಅವಳು ನಿಂತ ಜಾಗಕ್ಕೆ ನೀರು ಚಿಮುಕಿಸ್ತಿದ್ರಾ?"