ವಿಮಾನದ ಎಡಗಡೆ ಪಾತಿ

ಆಗೆಲ್ಲ ನಮ್ಮ ಮನೆಯಲ್ಲಿ ಬೆಳಗು ಶುರುವಾಗುತ್ತಿದ್ದದ್ದು ಮೆಂತೆ ನೀರಿನ ಲೋಟದಿಂದ. ಅಪ್ಪನಿಗೆ ಸಕ್ಕರೆ ಕಾಯಿಲೆ. ಆಯಿ, ಅಂದರೆ ನನ್ನ ಅಮ್ಮ, ರಾತ್ರಿಯೇ ಮೆಂತೆ ನೆನೆಸಿಟ್ಟು, ಬೆಳಿಗ್ಗೆ ಆ ಹಳದಿ ನೀರನ್ನು ಅಪ್ಪನ ಮುಂದೆ ಹಿಡಿಯುತ್ತಿದ್ದಳು. ಅಪ್ಪ ಮುಖ ಹುಳ್ಳಗೆ ಮಾಡಿಕೊಂಡು ಒಂದೇ ಗುಟುಕಿಗೆ ಮುಗಿಸಿ, ಜಗಲಿಯ ಮೇಲೆ ಪೇಪರು ಬಿಡಿಸಿ ಕೂರುತ್ತಿದ್ದ.

ಆ ಮೇ ತಿಂಗಳ ಬೆಳಿಗ್ಗೆಯೂ ಹಾಗೆಯೇ ಆಯಿತು. ಮಂಚದ ಕೆಳಗೆ ಹುಲ್ಲಿನಲ್ಲಿ ಹುಗಿದಿಟ್ಟ ಈಶಾಡ ಮಾವಿನಹಣ್ಣಿನ ವಾಸನೆ ಮನೆಯಿಡೀ ಹರಡಿತ್ತು. ಭಾವಿಕೇರಿಯಿಂದ ಅಜ್ಜಿ ಕಳಿಸಿದ ಹಣ್ಣುಗಳು, ಅಪ್ಪನಿಗೆ ಮುಟ್ಟುವ ಹಾಗಿರಲಿಲ್ಲ. ಗೇಟಿನ ಹತ್ತಿರ ಮೀನಿನ ಬುಟ್ಟಿಯವಳು ಕೂಗಿದಳು. ಆಯಿ ದೋಸೆ ಕಾವಲಿ ಬಿಟ್ಟು ಹೊರಗೆ ಓಡಿದಳು. ನಾನು ಬಾಗಿಲ ಸಂದಿನಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದೆ. ಅಪ್ಪ ಪೇಪರಿನ ಪುಟಗಳನ್ನು ತಿರುವುತ್ತಿದ್ದ. ತೀರಾ ಬೇಗ ಬೇಗ ತಿರುವುತ್ತಿದ್ದ. ಒಂದು ಪುಟದಲ್ಲಿರುವ ಚಿತ್ರ ನೋಡುವಷ್ಟು ಹೊತ್ತೂ ಅವನ ಕಣ್ಣು ಅಲ್ಲಿ ನಿಲ್ಲುತ್ತಿರಲಿಲ್ಲ.

ನನಗಾಗ ಹನ್ನೊಂದು ವರ್ಷ. ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆ, ಸಿಸ್ಟರುಗಳು ನಡೆಸುವ ಕಾನ್ವೆಂಟಿನಲ್ಲಿ ಓದು, ಪೇಟೆಯಲ್ಲಿ ಅಪ್ಪನ ಪುಟ್ಟ ವಾಚ್ ರಿಪೇರಿ ಅಂಗಡಿ. ವಾಚ್ ಬೊಮ್ಮಯ್ಯ ಅಂದರೆ ಊರಿಗೆಲ್ಲ ಗೊತ್ತು. ಮೊಬೈಲುಗಳು ಎಲ್ಲರ ಕೈಗೂ ಬರತೊಡಗಿದ್ದವು. ಹೊತ್ತು ನೋಡುವುದಕ್ಕೆ ವಾಚೇ ಬೇಕೆಂದೇನೂ ಇರಲಿಲ್ಲ. ಬಿಡುವಾದ ಕೈಗೆ ಅಪ್ಪ ಬೇರೆ ಕೆಲಸ ಹುಡುಕಿಕೊಂಡಿದ್ದ. ಅದನ್ನು ತಂದುಕೊಟ್ಟವರು ಸಾಹೇಬರು.

ಸಾಹೇಬರು ನೌಕಾದಳದಿಂದ ನಿವೃತ್ತರಾಗಿ ಅಂಕೋಲೆಯ ಹತ್ತಿರ ಸಮುದ್ರ ಕಾಣುವ ಹಾಗೆ ಮನೆ ಕಟ್ಟಿಸಿಕೊಂಡಿದ್ದರು. ಒಂಟಿ ಜೀವ. ವಾಚಿನ ಪಟ್ಟಿ ಹಾಕಿಸಲು ಬಂದವರು, ಅಪ್ಪನ ಚಿಮುಟ, ಅರ, ಕೂದಲೆಳೆಯಂಥ ಡ್ರಿಲ್ಲುಗಳನ್ನು ನೋಡಿ, ಮಾರನೇ ವಾರ ಒಂದು ಹಳೇ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದರು. ಒಳಗೆ ಪ್ಲಾಸ್ಟಿಕ್ಕಿನ ವಿಮಾನದ ತುಂಡುಗಳು. ಜೋಡಿಸಿ ಅಂಟಿಸಿದರೆ ಎರಡು ಗೇಣಿನ ವಿಮಾನ ಆಗುವಂಥದು, ನೀರಿನ ಮೇಲೆ ಇಳಿಯುವ ಜಾತಿಯದು. ಅವರು ಹುಡುಗನಾಗಿದ್ದಾಗ ಹಡಗಿನ ಕೆಲಸದಲ್ಲಿದ್ದ ಅವರ ಮಾವ ಯಾವುದೋ ಬಂದರಿನಿಂದ ತಂದುಕೊಟ್ಟಿದ್ದಂತೆ. ಅದನ್ನು ಮಾಡುವ ಕಂಪನಿ ಯಾವಾಗಲೋ ಮುಚ್ಚಿಹೋಗಿತ್ತು. ಅರ್ಧ ತುಂಡುಗಳು ಕಳೆದಿದ್ದವು. ಗಾಜಿನ ಮುಚ್ಚಳ ಇಲ್ಲ, ಮೂತಿಯ ಪಂಖದ ಒಂದು ಎಸಳು ಇಲ್ಲ, ನೀರಿನ ಮೇಲೆ ತೇಲುವುದಕ್ಕೆ ಕೆಳಗೆ ಇರುವ ಎರಡು ದೋಣಿಗಳಲ್ಲಿ ಎಡಗಡೆಯದು ಇಲ್ಲ. ಅಪ್ಪ ಅದನ್ನು ಪಾತಿ ಅನ್ನುತ್ತಿದ್ದ, ಕಾಳಿ ನದಿಯ ಸಣ್ಣ ದೋಣಿಗಳಿಗೆ ಅನ್ನುವ ಹಾಗೆ.

"ಸಿಗುವುದಿಲ್ಲ ಬೊಮ್ಮಯ್ಯ, ಮಾಡಬೇಕು" ಅಂದರು ಸಾಹೇಬರು.

"ಮಾಡುಕೆ ಏನದೆ ಸಾಯ್ಬ್ರೇ, ಇದ್ದಿದ್ನ ನೋಡಿ ಇಲ್ಲದಿದ್ನ ಮಾಡೂದು" ಅಂದ ಅಪ್ಪ.

ಮನೆಯ ಹಿಂದಿನ ಕೋಣೆ ಕಾರ್ಖಾನೆಯಾಯಿತು. ಯಾವ ಪ್ಲಾಸ್ಟಿಕ್ ಆಗುತ್ತದೆ ಅಂತ ನೋಡಲು ಅಪ್ಪ ಒಂದು ಹನಿ ಥಿನ್ನರ್ ಬಿಡುತ್ತಿದ್ದ. ಬಕೆಟ್ಟಿನ ತುಂಡು ಜಪ್ಪಯ್ಯ ಅನ್ನಲಿಲ್ಲ. ಹಾಡಿನ ಕ್ಯಾಸೆಟ್ಟಿನ ಡಬ್ಬಿ ಮಾತ್ರ ಕೂಡಲೇ ಅಂಟಂಟಾಯಿತು. "ಇದು ನಮ್ಮ ಪೈಕಿ ನೋಡು ತಂಗಿ" ಎಂದು ನಕ್ಕ. ಮಗಳಾದ ನನ್ನನ್ನು ಅಪ್ಪ ತಂಗಿ ಅಂತಲೇ ಕರೆಯುತ್ತಿದ್ದ. ಸಿ.ಡಿ. ಬಂದು ಕ್ಯಾಸೆಟ್ಟುಗಳು ಮೂಲೆ ಸೇರಿದ್ದ ಕಾಲ. ಕೇರಿಯ ಮನೆಮನೆಯಿಂದ ನಾನು ಖಾಲಿ ಡಬ್ಬಿ ತಂದುಕೊಟ್ಟೆ. ಮರದಲ್ಲಿ ಅಚ್ಚು ಕೆತ್ತಿ, ಡಬ್ಬಿಯ ಪಾರದರ್ಶಕ ಮುಚ್ಚಳವನ್ನು ಒಲೆಯ ಮೇಲೆ ಬಾಡಿಸಿ, ಮೆತ್ತಗಾದ ಕೂಡಲೇ ಅಚ್ಚಿನ ಮೇಲೆ ಒತ್ತಿದರೆ ಪೈಲಟ್ ಕೂರುವ ಜಾಗದ ಗಾಜು ತಯಾರು. ಒಂದು ಸೆಕೆಂಡು ಹೆಚ್ಚಾದರೆ ಗುಳ್ಳೆ. ತುಂಡುಗಳನ್ನು ಪದರ ಪದರವಾಗಿ ಥಿನ್ನರಿನಲ್ಲಿ ಅಂಟಿಸಿ ಗಟ್ಟಿ ಮಾಡಿ, ಅರದಿಂದ ತೀಡಿದರೆ ಬೇಕಾದ ಆಕಾರ. ಪುಡಿಯನ್ನೇ ಥಿನ್ನರಿನಲ್ಲಿ ಕರಗಿಸಿದರೆ ಬಿರುಕು ತುಂಬುವ ಲಪ್ಪ. ಆಯಿ ಮೂಗಿಗೆ ಸೆರಗು ಹಿಡಿದು, "ಮೀನಿನ ಸಾರೂ ಥಿನ್ನರ್ ವಾಸ್ನೆ ಹೊಡೀತದೆ" ಎಂದು ಗೊಣಗುತ್ತಿದ್ದಳು.

ವಾಚ್ ರಿಪೇರಿಯವರಿಗೆ ಒಂದು ಅಭ್ಯಾಸ ಇರುತ್ತದೆ. ಬಿಚ್ಚಿದ ವಾಚಿನ ಮುಚ್ಚಳದ ಒಳಗೆ, ಯಾರಿಗೂ ಕಾಣದ ಕಡೆ, ಸೂಜಿಮೊನೆಯಿಂದ ತಮ್ಮ ಗುರುತು ಗೀರುತ್ತಾರೆ. ಅಪ್ಪನದು ಅಡ್ಡಗೆರೆ, ಅದರ ಮೇಲೆರಡು ಚುಕ್ಕಿ. ವಿಮಾನದ ತುಂಡುಗಳಿಗೂ ಅದನ್ನೇ ಹಾಕುತ್ತಿದ್ದ.

ಮಾರ್ಚಿನಲ್ಲಿ, ಹೋಳಿಯ ಸುಗ್ಗಿಯ ಹೊತ್ತಿಗೆ, ಅಪ್ಪನ ಕಣ್ಣು ಮಂಜಾಗುತ್ತಿರುವುದು ನಮಗೆ ಗೊತ್ತಾಯಿತು. ಒಂದು ದಿನ ಚೊಲೋ, ಇನ್ನೊಂದು ದಿನ ಕಣ್ಣೆದುರು ಕಪ್ಪು ಎಳೆಗಳು. ಕಾರವಾರದ ಡಾಕ್ಟರು ನೋಡಿ, "ಸಕ್ಕರೆ ಕಣ್ಣಿಗೆ ಇಳಿದಿದೆ, ತಡ ಮಾಡದೆ ಹುಬ್ಬಳ್ಳಿಗೆ ಹೋಗಿ" ಎಂದರು. ಆಯಿ ದಿನ ಗೊತ್ತು ಮಾಡಿ ಚೀಲವನ್ನೂ ತುಂಬಿಟ್ಟಳು.

ಅದೇ ವಾರ ಅಪ್ಪ ಗಾಜಿನ ಮುಚ್ಚಳದ ಅಂಚು ಕತ್ತರಿಸಿದ್ದ. ಮಧ್ಯಾಹ್ನ ಊಟವಾಗಿ ಅವನು ಮಲಗಿದ ಮೇಲೆ ನಾನು ಹಿಂದಿನ ಕೋಣೆಗೆ ಹೋಗಿ ನೋಡಿದೆ. ಅಂಚು ಇಲಿ ಕಡಿದ ಹಾಗಿತ್ತು. ನನ್ನ ಅಪ್ಪ ಹಾಗೆ ಕತ್ತರಿಸುವವನಲ್ಲ. ನನಗೆ ಅಳು ಬಂತು. ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರು ನನ್ನ ಕಣ್ಣಳತೆಯನ್ನು ಯಾವಾಗಲೂ ಹೊಗಳುತ್ತಿದ್ದರು. ಹೊರಗೆ ಹುಡುಗಿಯರು ಲಗೋರಿಗೆ ಕರೆಯುತ್ತಿದ್ದರು. ನಾನು ಕದ ಮುಂದೆ ಮಾಡಿ, ಸಣ್ಣ ಅರ ಹಿಡಿದು, ಅಂಚನ್ನು ನೇರ ಮಾಡಿದೆ.

ಮಾರನೇ ದಿನ ಅಪ್ಪ ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸಿದ. ಮತ್ತೊಮ್ಮೆ ಆಡಿಸಿದ. ಅವನ ಮುಖ ಅರಳಿತು. ಅದನ್ನು ಹಿಡಿದುಕೊಂಡು ಅಡುಗೆಮನೆಗೇ ಹೋದ.

"ನೋಡೇ ಇಲ್ಲಿ. ಕಣ್ಣು ಹೋದಂವ ಇದ್ನ ಮಾಡುಕೆ ಆಗ್ತದಾ?"

ಆಯಿ ಬೆಳಕಿಗೆ ಹಿಡಿದು ನೋಡಿದಳು. "ಚೊಲೋ ಬಂದದೆ" ಅಂದಳು. "ಮೆಂತೆ ನೀರು ಹಿಡೀತು ಅನಸ್ತದೆ."

"ಮತ್ತೆ ಹುಬ್ಳಿ?"

"ಈಗ ಬ್ಯಾಡ ಹಂಗಾರೆ. ಮುಂದಿನ ತಿಂಗ್ಳು ನೋಡ್ವ" ಅಂದಳು ಆಯಿ.

ನಾನು ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ತುಂಬಿಟ್ಟ ಚೀಲದಿಂದ ಆಯಿ ಒಂದೊಂದೇ ಬಟ್ಟೆ ತೆಗೆದು ಮತ್ತೆ ಕಪಾಟಿಗೆ ಇಟ್ಟಳು. ಅಪ್ಪ ಆ ದಿನ ಎಷ್ಟೋ ವಾರಗಳ ಮೇಲೆ ಶಿಳ್ಳೆ ಹಾಕುತ್ತ ಸ್ನಾನಕ್ಕೆ ಹೋಗಿದ್ದ.

ಏಪ್ರಿಲ್‌ನಲ್ಲಿ ಪಂಖದ ಎಸಳು. ಅದನ್ನೂ ತೀಡಿದೆ. ಹುಬ್ಬಳ್ಳಿ ಮತ್ತೊಮ್ಮೆ ಮುಂದೆ ಹೋಯಿತು. ಅಷ್ಟರಲ್ಲಿ ಅಪ್ಪ ಹೊಸ್ತಿಲನ್ನು ಕಾಲಿನಿಂದ ತಡವಿ ದಾಟುತ್ತಿದ್ದ, ಚಹಾದ ಕಪ್ಪಿಗೆ ಕೈ ಚಾಚುವಾಗ ಪಕ್ಕದ ಗಾಳಿಯನ್ನು ಹಿಡಿಯುತ್ತಿದ್ದ. ನಾನು ಕಪ್ಪನ್ನು ಅವನ ಕೈ ಹೋಗುವ ಕಡೆಗೇ ಸರಿಸಿ ಇಡುವುದನ್ನು ಕಲಿತೆ. ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಕೊನೆಗೆ ಉಳಿದದ್ದು ಎಡಗಡೆ ಪಾತಿ. ಅಪ್ಪ ಏಳು ಪದರ ಅಂಟಿಸಿ, ವಾರವಿಡೀ ತೀಡಿದ. ನಾನು ನೋಡಿದಾಗ ಅದು ತಿದ್ದುವ ಸ್ಥಿತಿಯಲ್ಲಿರಲಿಲ್ಲ. ಮೂತಿ ಒಂದು ಕಡೆಗೆ ವಾಲಿತ್ತು, ವಿಮಾನಕ್ಕೆ ಜೋಡಿಸುವ ಕಾಲುಗಳು ಕೂರುವ ತೂತುಗಳು ಒಂದರೊಳಗೊಂದು ಸೇರಿಹೋಗಿದ್ದವು. ನಾನು ಅದನ್ನು ಹಿತ್ತಿಲಿನ ಬಾಳೆಬುಡದಲ್ಲಿ ಹುಗಿದೆ. ಬಲಗಡೆ ಪಾತಿಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ನಾಲ್ಕು ಮಧ್ಯಾಹ್ನ ಕೂತು, ಹೊಸದನ್ನೇ ಮಾಡಿದೆ. ಬೆರಳಿಗೆ ಎರಡು ಕಡೆ ಗಾಯವಾಯಿತು. ಆದರೆ ಅದು ಬಲಗಡೆಯದರ ಪಡಿಯಚ್ಚು ಅನ್ನುವ ಹಾಗೆ ಬಂತು. ಹತ್ತಿಯಲ್ಲಿ ಸುತ್ತಿ ಅಪ್ಪನ ಡಬ್ಬಿಯಲ್ಲಿಟ್ಟೆ.

ಆ ಮೇ ತಿಂಗಳ ಬೆಳಿಗ್ಗೆ ಪೇಪರು ಮಡಿಸಿಟ್ಟು ಅಪ್ಪ ಡಬ್ಬಿ ತೆರೆದ. ಹತ್ತಿ ಸರಿಸಿ ಪಾತಿಯ ಹೊಟ್ಟೆಯನ್ನಷ್ಟೇ ಸವರಿ, "ಇವತ್ತು ಸಾಯ್ಬ್ರು ಬತ್ರು" ಅಂದ. ದೋಸೆ ಎರಡು ಹೆಚ್ಚೇ ತಿಂದ.

ಸಾಹೇಬರು ಬಂದದ್ದು ನಾಲ್ಕು ಗಂಟೆಗೆ. ಆಯಿ ಚಹಾಕ್ಕೆ ಒಳಗೆ ಹೋದಳು. ಜಗಲಿಯ ಮೇಲೆ ಪೇಪರು ಹಾಸಿ ಅಪ್ಪ ತುಂಡುಗಳನ್ನು ಒಂದೊಂದಾಗಿ ಇಟ್ಟ. ಸಾಹೇಬರು ಕನ್ನಡಕ ಏರಿಸಿಕೊಂಡು ಗಾಜಿನ ಮುಚ್ಚಳವನ್ನು ಹೊಗಳಿದರು, ಪಂಖವನ್ನು ಊದಿ ತಿರುಗಿಸಿದರು. ಆಮೇಲೆ ಎರಡೂ ಪಾತಿಗಳನ್ನು ವಿಮಾನದ ಕೆಳಗೆ ಹಿಡಿದು ನೋಡಿ ಗಟ್ಟಿಯಾಗಿ ನಕ್ಕರು.

"ಏನಯ್ಯ ಬೊಮ್ಮಯ್ಯ! ಎರಡೂ ಬಲಗಾಲಿನ ಚಪ್ಪಲಿ ಮಾಡಿ ಇಟ್ಟಿದ್ದೀಯಲ್ಲ!"

ಆಗ ನನಗೆ ಹೊಳೆಯಿತು. ಪಾತಿಯ ಒಳಬದಿ ಚಪ್ಪಟೆ, ಹೊರಬದಿ ಉಬ್ಬು. ಕಾಲಿನ ತೂತುಗಳು ಒಳಕ್ಕೆ ವಾಲಿರುತ್ತವೆ. ಎಡಗಡೆಯದು ಬಲಗಡೆಯದರ ಹಾಗೇ ಇರಬಾರದು, ಕನ್ನಡಿಯಲ್ಲಿ ಕಂಡ ಹಾಗಿರಬೇಕು. ನಾನು ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿದ್ದೆ.

"ಸಾಧ್ಯನೇ ಇಲ್ಲ ಸಾಯ್ಬ್ರೇ" ಅಂದ ಅಪ್ಪ. "ಎಡ ಬಲ ತಿಳೀದೇ ಇಪ್ಪತ್ತು ವರ್ಷ ವಾಚು ಬಿಚ್ಚಿದ್ನಾ ನಾನು? ಕೊಡಿ ಇಲ್ಲಿ."

ಅಪ್ಪ ಅದನ್ನು ಕಣ್ಣಿನ ಹತ್ತಿರಕ್ಕೆ ತಂದ. ಮೂಗಿಗೆ ತಾಗುವಷ್ಟು ಹತ್ತಿರ. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದ. ಚಪ್ಪಟೆ ಬದಿ, ಉಬ್ಬು ಬದಿ, ತೂತು, ಇನ್ನೊಂದು ತೂತು. ಉಗುರಿನಿಂದ ಒಳಬದಿಯಲ್ಲಿ ತನ್ನ ಗುರುತಿಗಾಗಿ ಗೀರಿ ಗೀರಿ ಹುಡುಕಿದ. ಅಡ್ಡಗೆರೆ ಇರಲಿಲ್ಲ, ಚುಕ್ಕಿಗಳಿರಲಿಲ್ಲ. ಗುರುತು ಹಾಕುವುದು ನನಗೆ ನೆನಪಾಗಿರಲೇ ಇಲ್ಲ.

"ಇದು ನನ್ನ ಕೈದಲ್ಲ" ಅಂದ ಅಪ್ಪ.

ಸಾಹೇಬರ ನಗು ನಿಂತಿತು. ಒಳಗೆ ಆಯಿ ಚಹಾ ಸೋಸುವ ಸದ್ದು ಕೇಳುತ್ತಿತ್ತು.

"ತಂಗೀ."

ನಾನು ಹತ್ತಿರ ಹೋದೆ. ಅಪ್ಪ ನನ್ನ ಮುಖ ಇರುವ ಕಡೆ ಅಂತ ಅಂದಾಜು ಮಾಡಿ ನೋಡಿದ. ನನ್ನ ಕೈ ಹಿಡಿದು ಬೆರಳುಗಳನ್ನು ಮುಟ್ಟಿದ. ಅರದ ಗಾಯದ ಮೇಲೆ ಅವನ ಹೆಬ್ಬೆರಳು ನಿಂತಿತು.

"ಯಾವಾಗಿಂದ?"

"ಸುಗ್ಗಿ ಆದ್ಮೇಲಿಂದ."

"ಗಾಜಿನ ಮುಚ್ಳ?"

"ಅಂಚು ಮಾತ್ರ ಅಪ್ಪಾ."

"ಪಂಖ?"

"ಪಂಖ ಪೂರಾ ನಿಂದೇ" ಅಂದೆ. ಸುಳ್ಳು ಅಂತ ಅವನಿಗೆ ಗೊತ್ತಾಯಿತು. ನನ್ನ ಕೈ ಬಿಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಾಹೇಬರು ತುಂಡುಗಳನ್ನು ಮೆಲ್ಲಗೆ ಪೆಟ್ಟಿಗೆಗೆ ತುಂಬಿದರು. "ವಿಮಾನ ಎಲ್ಲಿಗೂ ಹಾರಿಹೋಗುವುದಿಲ್ಲ ಬೊಮ್ಮಯ್ಯ. ಮೊದಲು ಕಣ್ಣು ತೋರಿಸು" ಎಂದು ಹೇಳಿ, ಚಹಾಕ್ಕೂ ಕಾಯದೆ ಎದ್ದರು. ಆಯಿ ಮೂರು ಕಪ್ಪು ಹಿಡಿದು ಬಂದಾಗ ಜಗಲಿಯಲ್ಲಿ ನಾವಿಬ್ಬರೇ.

"ಎಂತಾ ಆಯ್ತು? ಸಾಯ್ಬ್ರು ಹೋದ್ರಾ?"

"ಹುಬ್ಳಿ ಬಸ್ಸು ಬೆಳಿಗ್ಗೆ ಎಷ್ಟೊತ್ತಿಗೆ ಅದೆ?" ಅಂದ ಅಪ್ಪ.

ಹುಬ್ಬಳ್ಳಿಯಲ್ಲಿ ಡಾಕ್ಟರು ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರಿದೆ ಅಂದರು. ಎರಡು ತಿಂಗಳು ಮೊದಲೇ ಬರಬೇಕಿತ್ತು, ಇದ್ದಷ್ಟನ್ನಾದರೂ ಹಿಡಿದು ನಿಲ್ಲಿಸಬಹುದಿತ್ತು ಅಂದರು. ಬಲಗಣ್ಣು ಆ ಮಳೆಗಾಲದಲ್ಲೇ ಹೋಯಿತು. ಎಡಗಣ್ಣಿನಲ್ಲಿ ಬೆಳಕು ಕತ್ತಲೆ ತಿಳಿಯುವಷ್ಟು ಉಳಿಯಿತು. ಅಂಗಡಿ ಬೇರೆಯವರದಾಯಿತು. ಸಾಹೇಬರ ವಿಮಾನ ಮುಗಿಯಲಿಲ್ಲ. ಅಪ್ಪ ಇನ್ನೂ ಒಂಬತ್ತು ವರ್ಷ ಬದುಕಿದ, ಚಪ್ಪಲಿ ಸದ್ದಿನಿಂದ ಜನರನ್ನು ಗುರುತಿಸುತ್ತ. ಬಾಗಿಲಲ್ಲಿ ನಿಂತ ನನ್ನನ್ನು ಕೂಗುವಾಗ ಅವನ ದನಿ ಒಂದು ಸಲವೂ ಒರಟಾಗಲಿಲ್ಲ. ಆಯಿಗೆ ಮಾತ್ರ ನಾನು ಮಾಡಿದ್ದನ್ನು ಅವನು ಕೊನೆವರೆಗೂ ಹೇಳಲಿಲ್ಲ. "ಎರಡು ಸಲ ನಾನೇ ಬ್ಯಾಡ ಅಂದೆ, ಎಂಥಾ ಬುದ್ಧಿ ನಂದು" ಎಂದು ಆಯಿ ಈಗಲೂ ಅಳುತ್ತಾಳೆ. ನಾನು ಅವಳ ಬೆನ್ನು ಸವರುತ್ತೇನೆ. ಅಪ್ಪನ ಕಣ್ಣಿನ ಜೊತೆ, ಆಯಿಗೆ ನಿಜ ಹೇಳಬಹುದಾಗಿದ್ದ ಹೊತ್ತೂ ಹೋಗಿಬಿಟ್ಟಿದೆ. ನನ್ನ ಮಗಳ ಲಂಗಕ್ಕೆ ಕಸೂತಿ ಹಾಕುವಾಗ ಎಳೆ ಸ್ವಲ್ಪ ವಾಲಿದರೂ ನಾನು ಬಿಚ್ಚುವುದಿಲ್ಲ. ಕೆಟ್ಟದ್ದು ಕೆಟ್ಟ ಹಾಗೇ ಕಾಣಲಿ ಅನ್ನಿಸುತ್ತದೆ.

ಆದರೆ ಆ ಸಂಜೆ ಇದ್ಯಾವುದೂ ನನಗೆ ತಿಳಿದಿರಲಿಲ್ಲ. ಆಯಿ ಹುಬ್ಬಳ್ಳಿಯ ಚೀಲವನ್ನು ಮೂರನೇ ಸಲ ತುಂಬುತ್ತಿದ್ದಳು. ಅಪ್ಪ ಹಿಂದಿನ ಕೋಣೆಯಲ್ಲಿ ದೀಪ ಹಾಕದೆ ಕೂತಿದ್ದ. ನಾನು ಅಂಗಳಕ್ಕೆ ಬಂದೆ. ಪಕ್ಕದ ಮನೆಯ ಸುಶೀಲಕ್ಕ ಬಿಸಿಲಿಗೆ ಹಾಕಿದ್ದ ಮುರುಗಲು ಹಣ್ಣಿನ ಸಿಪ್ಪೆಯನ್ನು ಗೋಣಿಗೆ ತುಂಬುತ್ತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿ, ತಲೆ ಎತ್ತದೆಯೇ ಮಾತಾಡಿಸಿದರು.

"ಬ್ಯಾಗು ತುಂಬೂದು ಕಾಣ್ತು. ಹುಬ್ಳಿಗೇನೇ? ಹೋಗ್ಬನ್ನಿ, ಚೊಲೋದೇ ಆಯ್ತು. ದೀಪಾವಳಿ ಆದಾಗಿಂದ ನೋಡ್ತೇ ಇದ್ದೆ, ನಾ ಎದ್ರಿಗೆ ಬಂದು ನಿಂತ್ರೂ ನಿನ್ನಪ್ಪ ‘ಯಾರದು’ ಅಂತ್ರು. ಹೇಳ್ವ ಹೇಳ್ವ ಅಂದ್ಕಂಡೆ ಮಾರಾಯ್ತಿ, ಮನೆಯೋರಿಗೆ ಗೊತ್ತಿರದೇ ಇರ್ತದಾ ಅಂತ ಸುಮ್ನಾದೆ. ಬಾ, ಆ ಬದಿ ಗೋಣಿ ಹಿಡಿ ಒಂಚೂರು, ಚೆಲ್ತದೆ."