ಕೆಳಗಿನ ಮನೆಯ ಮೈಕು

ಬಾಗಿಲ ಹಿಡಿಗೆ ಇವತ್ತೂ ಒಂದು ಚೀಲ ನೇತುಬಿದ್ದಿದೆ. ಒಳಗೆ ಫಾಯಿಲ್ ಮುಚ್ಚಿದ ತಟ್ಟೆ, ಅದರಲ್ಲಿ ಬೆಳ್ಳುಳ್ಳಿ ಹುರಿದು ಕಲಸಿದ ಅನ್ನ. ಮೇಲೆ 'ನೋ ಮೀಟ್' ಎಂದು ಕೆಳಗಿನ ಮನೆಯ ನೆನಿತಾಳ ದಪ್ಪಕ್ಷರ. ಈ ವಾಸನೆಗೆ ಮೂಗು ಮುರಿದು ಕಿಟಕಿ ಮುಚ್ಚುತ್ತಿದ್ದ ಮಹಾನುಭಾವ ನಾನೇ ಸ್ವಾಮಿ.

ನಾವು ದೇಶ ಬಿಟ್ಟು ಲೊಂಬಾರ್ಡ್ ಎಂಬ ಊರಿನ ಈ ಅಪಾರ್ಟ್‌ಮೆಂಟಿಗೆ ಬಂದಾಗಲೇ ಆ ಫಿಲಿಪ್ಪೀನ್ಸ್ ಸಂಸಾರ ಕೆಳಗಿತ್ತು. ನೆನಿತಾ ಆಸ್ಪತ್ರೆಯಲ್ಲಿ ನರ್ಸ್, ಗಂಡನಿಗೆ ಗೋದಾಮಿನಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಡ್ಯೂಟಿ ಮುಗಿಸಿದ ಯೂನಿಫಾರ್ಮಿನಲ್ಲೇ ಅವಳು ಚರ್ಚಿಗೆ ಹೋಗಿಬರುವಳು. ಮಧ್ಯಾಹ್ನ ನೆಂಟರನ್ನೆಲ್ಲ ಗುಡ್ಡೆಹಾಕಿಕೊಂಡು, ಟೀವಿ ಪಕ್ಕದ ಬಾಲಯೇಸುವಿನ ಮೂರ್ತಿಯ ಮುಂದೆ ದೀಪ ಹಚ್ಚಿ, ಮೈಕು ಹಿಡಿಯುವಳು. ಅಯ್ಯೋ, ಆ ಹಾಡೋ! ಶ್ರುತಿ ಒಂದು ಕಡೆ, ಇವರು ಇನ್ನೊಂದು ಕಡೆ. ಆದರೂ ಹಾಡು ಮುಗಿದ ಕೂಡಲೇ ಅವರ ಕರಾವೋಕೆ ಯಂತ್ರ ತುತ್ತೂರಿ ಊದಿ ನೂರಕ್ಕೆ ತೊಂಬತ್ತೆಂಟು ಅಂಕ ಕೊಡುತ್ತಿತ್ತು.

ನಮಗೋ ಸಂಗೀತ ಬಲ್ಲವರೆಂಬ ಜಂಬ. ನಮ್ಮ ಶಾಮ್‌ಬರ್ಗ್ ಊರಿನ ಕನ್ನಡ ಬಳಗದಲ್ಲಿ ಹಾಡುವುದಕ್ಕಿಂತ ತಪ್ಪು ಹಿಡಿಯುವುದೇ ದೊಡ್ಡ ವಿದ್ಯೆ. ಕೈಯಲ್ಲಿ ಕೋಸಂಬರಿ, ಮುಖದಲ್ಲಿ ಜಡ್ಜಿನ ಗತ್ತು. ಒಂದು ಗಣೇಶನ ಹಬ್ಬದಲ್ಲಿ, ದೇವರ ಮುಂದೆ ಹಾಡುತ್ತಿದ್ದ ನನ್ನ ಹನ್ನೆರಡು ವರ್ಷದ ಮಗಳು ಅನಘಳನ್ನು ಅದೇ ಗತ್ತಿನಲ್ಲಿ ಅರ್ಧಕ್ಕೇ ತಡೆದು, "ಶ್ರುತಿ ಎಲ್ಲಮ್ಮ? ಸಾಕು ಬಿಡು" ಅಂದಿದ್ದೆ. ನಾಲ್ಕು ಜನ ನಕ್ಕರು. ಆಮೇಲೆ ಎರಡು ವರ್ಷ ಅವಳು ಬಚ್ಚಲಲ್ಲೂ ಗುನುಗಲಿಲ್ಲ.

"ಮಗು ಬಾಯಿ ಕಟ್ಟಿಹಾಕಿಬಿಟ್ರಲ್ರೀ" ಎಂದು ಹೆಂಡತಿ ಸುಧಾ ಕಣ್ಣೀರು ಹಾಕಿದರೆ, "ಸರಿಯಾಗಿ ಕಲೀಲಿ" ಎಂದು ನಾನು ಪೇಪರ್ ಓದುತ್ತಿದ್ದೆ.

ಒಂದು ಭಾನುವಾರ ತಲೆಕೆಟ್ಟು, ಗಲಾಟೆ ನಿಲ್ಲಿಸಿಯೇ ಬರುತ್ತೇನೆಂದು ಕೆಳಗಿಳಿದೆ. "ಈಗ ಹೋಗ್ಬೇಡ್ರೀ" ಎಂದು ಸುಧಾ ಯಾಕೋ ಗಾಬರಿಯಾದಳು. ನೆನಿತಾ ಬಾಗಿಲು ತೆಗೆದವಳೇ, "ಅಂತೂ ಬಂದ್ರಾ! ಈಟ್ ಫಸ್ಟ್, ದೆನ್ ಸಿಂಗ್" ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿ ಕೈಗೆ ತಟ್ಟೆ ಕೊಟ್ಟಳು. ನಾನು ಹಾಡಲು ಬಂದೆನೆಂದುಕೊಂಡಿದ್ದಳು! ಮನೆಗೆ ಬಂದವರು ಜಗಳಕ್ಕೂ ಬಂದಿರಬಹುದೆಂಬುದು ಆ ಜನಕ್ಕೆ ಹೊಳೆಯುವುದೇ ಇಲ್ಲ. ಅವಳ ಹಿಂದೆ ಕಣ್ಣು ಮುಚ್ಚಿ, ಮೈಕು ಹಿಡಿದು ಹಾಡುತ್ತಿದ್ದವಳು ಯಾರು ಗೊತ್ತೇ? ಲೈಬ್ರರಿಗೆಂದು ಹೇಳಿ ಹೋಗಿದ್ದ ನಮ್ಮ ಅನಘಾ. ಸುಧಾಗೂ ಗೊತ್ತಿತ್ತು. ಗೊತ್ತಿಲ್ಲದ ದಡ್ಡ ನಾನೊಬ್ಬನೇ.

ಅವಳು ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಹಾಡು ನಿಂತಿತು. "ಐ ವಾಸ್ ಜಸ್ಟ್ ಲೀವಿಂಗ್, ಅಪ್ಪಾ" ಎಂದು ಮೈಕು ಕೆಳಗಿಟ್ಟಳು. ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ನೆನಿತಾ ಇಬ್ಬರ ಮುಖವನ್ನೂ ನೋಡಿದಳು. ಎಷ್ಟಾದರೂ ನರ್ಸು, ನೋವು ಎಲ್ಲಿದೆಯೆಂದು ತಿಳಿಯಿತು. "ನಮ್ಮನೇಲಿ ಹಾಡದೇ ಇರೋರು ಪಾತ್ರೆ ತೊಳೀಬೇಕು, ಸರ್" ಎಂದು ನನ್ನನ್ನು ಸಿಂಕಿನ ಮುಂದೆ ನಿಲ್ಲಿಸಿದಳು.

ಬೆನ್ನು ತಿರುಗಿಸಿ ಉಜ್ಜತೊಡಗಿದೆ. ಮೂರನೆಯ ಪಾತ್ರೆಯ ಹೊತ್ತಿಗೆ ಹಿಂದಿನಿಂದ ಅನಘಳ ದನಿ ಮೆಲ್ಲಗೆ ಎದ್ದಿತು. ನಲ್ಲಿ ನಿಲ್ಲಿಸಿದೆ. ಶ್ರುತಿ ಜಾರಿತು. ಹಾಳು ಅಭ್ಯಾಸ, ನಾಲಿಗೆ ತುರಿಸಿತು. "ಹಾಡೋದು ದೇವ್ರಿಗೆ. ಮಾರ್ಕ್ಸ್ ಕೊಡೋಕೆ ಮಷಿನ್ ಇದೆ" ಎಂದು ನೆನಿತಾ ಇನ್ನೊಂದು ಬಾಣಲೆ ತಂದಿಟ್ಟಳು.

ಅದಾಗಿ ಮೂರು ವರ್ಷ. ಇವತ್ತು ಬೆಳಿಗ್ಗೆ ಬಳಗದವರೊಬ್ಬರು ಫೋನ್ ಮಾಡಿ, "ಏನ್ಸಾರ್, ಮಗಳು ಈಗ ಹಾಡ್ತಾಳಾ? ಹಬ್ಬಕ್ಕೆ ಕರ್ಕೊಂಡ್ಬನ್ನಿ" ಅಂದರು. "ಹಾಡ್ತಾಳೆ, ನಮ್ಮಂಥೋರ ಮುಂದಲ್ಲ" ಎಂದು ಇಟ್ಟುಬಿಟ್ಟೆ.

ಕೆಳಗೆ ಮೈಕು ಗೊರಗೊರ ಎನ್ನುತ್ತಿದೆ. ಅಂಗಿಯ ತೋಳು ಮಡಚಿಕೊಂಡು ಹೊರಟೆ. ಅನಘಾ ನನ್ನ ಮುಖ ನೋಡಿಕೊಂಡು ಇನ್ನೂ ಹಾಡುವುದಿಲ್ಲ. ಬೆನ್ನು ಕಂಡರೆ ಹಾಡುತ್ತಾಳೆ. ಪುಣ್ಯಕ್ಕೆ ಆ ಮನೆಯಲ್ಲಿ ಪಾತ್ರೆಗೆ ಬರವಿಲ್ಲ.